ರೆಮ್‌ಡೆಸಿವಿರ್ ಬಗ್ಗೆ 2020ರಲ್ಲೇ ಗೊತ್ತಿದ್ದರೆ 2021ರಲ್ಲಿ ನಾವ್ಯಾಕೆ ಅಷ್ಟು ಪರದಾಡಿದೆವು?

ಕೌಂಟರ್ ಹಿಂದಿನವನು (ದಾವಣಗೆರೆ)

ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಮೆಡಿಕಲ್ ಶಾಪ್ ಇದೆ, ಅಪ್ಪನ ಕಾಲದ್ದು. ಒಂದು ಪ್ರಶ್ನೆ ಇದೆ, ಗೊತ್ತಿದ್ದವರು ನೇರವಾಗಿ ಹೇಳಿ.

2021ರ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಅಂಗಡಿಗೆ ದಿನವಿಡೀ ಬರುತ್ತಿದ್ದದ್ದು ಒಂದೇ ಚೀಟಿ. ಕೋವಿಡ್ ರೋಗಿಗಳಿಗೆ ಕೊಡುತ್ತಿದ್ದ ರೆಮ್‌ಡೆಸಿವಿರ್ ಇಂಜೆಕ್ಷನ್, ಆರು ವಯಲ್ (ಸೀಸೆ). ಜಗಳೂರು ಕಡೆಯವರೊಬ್ಬರು ಮೆಕ್ಕೆಜೋಳ ಮಾರಿದ ದುಡ್ಡನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಬಂದು ಕೌಂಟರ್ ಮೇಲೆ ಇಟ್ಟು, 'ಎಷ್ಟಾದ್ರೂ ತಗೊಳ್ರಿ, ಒಂದಾದ್ರೂ ಕೊಡ್ರಿ' ಅಂದರು. ನಮ್ಮಲ್ಲಿ ಸ್ಟಾಕೇ ಇರಲಿಲ್ಲ. ಸರ್ಕಾರ ಬೆಲೆ ಇಳಿಸಿದ ಮೇಲೂ ಒಂದು ವಯಲ್‌ಗೆ ಕಂಪನಿ ನೋಡಿಕೊಂಡು 899ರಿಂದ 3,490 ರೂಪಾಯಿ ಇತ್ತು. ಬ್ಲ್ಯಾಕ್‌ನಲ್ಲಿ ಎಷ್ಟಿತ್ತು ಅಂತ ಕೇಳಲೇಬೇಡಿ.

ಮೊನ್ನೆ ಡಿ.ಫಾರ್ಮಾ ಓದುತ್ತಿರುವ ನನ್ನ ತಮ್ಮ ಹೇಳಿದ, ಈ ಔಷಧದಿಂದ ಸಾವು ತಪ್ಪುವುದಿಲ್ಲ ಅಂತ 30 ದೇಶಗಳ ಟ್ರಯಲ್ (ರೋಗಿಗಳಿಗೆ ಔಷಧ ಕೊಟ್ಟು ನೋಡುವ ಪರೀಕ್ಷೆ) ಒಂದು 2020ರ ಅಕ್ಟೋಬರ್‌ನಲ್ಲೇ ಹೇಳಿತ್ತಂತೆ, ಅದರಲ್ಲಿ ಭಾರತವೂ ಇತ್ತಂತೆ. ಹಾಗಿದ್ದರೆ ಆರು ತಿಂಗಳಾದ ಮೇಲೆ ಆ ಚೀಟಿ ಯಾಕೆ ಬರೆದರು? ಅಷ್ಟು ದೇಶ ಸೇರಿ ಸಂಶೋಧನೆ ಮಾಡಿದ್ದು ಯಾರಿಗೋಸ್ಕರ?

ವಾರ್ಡ್ ಡ್ಯೂಟಿ

ಅಣ್ಣ, ನಾನು ಆಗ ಮೆಡಿಸಿನ್ ಪಿಜಿ ಮಾಡ್ತಿದ್ದೆ, ಕೋವಿಡ್ ವಾರ್ಡ್‌ನಲ್ಲೇ ಡ್ಯೂಟಿ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಿಮ್ಮ ತಮ್ಮ ಹೇಳಿದ್ದು ನಿಜ, ಆದರೆ ಅದು ಅರ್ಧ ಕಥೆ. ಆಗ ನಮ್ಮ ಮುಂದೆ ಎರಡು ದೊಡ್ಡ ಟ್ರಯಲ್ ಇದ್ದವು. ಒಂದು ಅಮೆರಿಕದ ಸರ್ಕಾರಿ ಸಂಸ್ಥೆ ನಡೆಸಿದ್ದು, 1,062 ರೋಗಿಗಳದ್ದು. ರೆಮ್‌ಡೆಸಿವಿರ್ ಕೊಟ್ಟವರು 15 ದಿನದ ಬದಲು 10 ದಿನಕ್ಕೆ ಚೇತರಿಸಿಕೊಂಡರು ಅಂತ ಅದು ಹೇಳಿತು. ಸಾವು ಕಡಿಮೆ ಆಗುತ್ತೆ ಅನ್ನುವುದು ಮಾತ್ರ ಅದರಲ್ಲಿ ಖಚಿತವಾಗಲಿಲ್ಲ. ಇನ್ನೊಂದು ನಿಮ್ಮ ತಮ್ಮ ಹೇಳಿದ್ದು, ಡಬ್ಲ್ಯೂಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ನಡೆಸಿದ ಸಾಲಿಡಾರಿಟಿ. 30 ದೇಶ, 405 ಆಸ್ಪತ್ರೆ, 11,330 ರೋಗಿಗಳು. ನಾಲ್ಕು ಔಷಧ ಪರೀಕ್ಷೆ ಮಾಡಿದರು, ಮಲೇರಿಯಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಕೂಡ ಸೇರಿ. ಸಾವಿನ ಲೆಕ್ಕದಲ್ಲಿ ನಾಲ್ಕೂ ಹೇಳಿಕೊಳ್ಳುವಂಥದ್ದೇನೂ ಮಾಡಲಿಲ್ಲ. 2020ರ ನವೆಂಬರ್‌ನಲ್ಲಿ ಡಬ್ಲ್ಯೂಎಚ್‌ಒ ರೆಮ್‌ಡೆಸಿವಿರ್ ಬೇಡ ಅಂತ ಸಲಹೆ ಕೊಟ್ಟಿತು.

ನಮ್ಮ ದೇಶದ ಮಾರ್ಗಸೂಚಿಯಲ್ಲಿ ಅದು ಉಳಿದುಕೊಂಡಿತು. ಆಕ್ಸಿಜನ್ ಬೇಕಾದ ಕೆಲವರಿಗೆ, ಕಾಯಿಲೆ ಶುರುವಾದ 10 ದಿನದೊಳಗೆ, ನೋಡಿಕೊಂಡು ಕೊಡಬಹುದು ಅಂತ. ಮನೆಯಲ್ಲಿ ಕೊಡಬಾರದು ಅಂತಲೂ ಬರೆದಿತ್ತು. ಯಾರು ಓದುತ್ತಾರೆ? ಬೆಡ್ ಪಕ್ಕದಲ್ಲಿ ಮಗ ನಿಂತುಕೊಂಡು 'ಪಕ್ಕದ ಆಸ್ಪತ್ರೆಯಲ್ಲಿ ಕೊಡ್ತಿದಾರೆ, ನೀವ್ಯಾಕೆ ಕೊಡ್ತಿಲ್ಲ ಮೇಡಂ' ಅಂತ ಕೇಳುವಾಗ 405 ಆಸ್ಪತ್ರೆಯ ಲೆಕ್ಕ ಹೇಳುವುದು ಸುಲಭ ಅಲ್ಲ, ಹೇಳಿದರೂ ಔಷಧ ಸಿಗಲಿಲ್ಲ ಅಂತ ಕಥೆ ಕಟ್ತಿದಾರೆ ಅಂದುಕೊಳ್ಳುತ್ತಾರೆ.

ಇನ್ನೊಂದು ಮಾತು. 2022ರಲ್ಲಿ ಸಾಲಿಡಾರಿಟಿಯ ಕೊನೆಯ ಲೆಕ್ಕ ಬಂತು. ಆಕ್ಸಿಜನ್ ಮೇಲಿದ್ದು ಇನ್ನೂ ವೆಂಟಿಲೇಟರ್‌ಗೆ ಹೋಗಿರದವರಲ್ಲಿ ಸಾವು ಶೇ 16.3ರಿಂದ 14.6ಕ್ಕೆ ಇಳಿದಿತ್ತು. ವೆಂಟಿಲೇಟರ್ ಮೇಲಿದ್ದವರಿಗೆ ಏನೂ ಉಪಯೋಗ ಆಗಿರಲಿಲ್ಲ. ಅಂದರೆ ಪೂರ್ತಿ ದಂಡ ಅಂತಲೂ ಅಲ್ಲ, ಜಮೀನು ಅಡ ಇಟ್ಟು ತರುವಂಥ ಸಂಜೀವಿನಿಯಂತೂ ಅಲ್ಲವೇ ಅಲ್ಲ. ಇಷ್ಟು ಸಣ್ಣ ವ್ಯತ್ಯಾಸ ನಮ್ಮ ಒಂದು ಆಸ್ಪತ್ರೆಯಲ್ಲಿ ಇನ್ನೂರು ಜನರನ್ನು ನೋಡಿದರೆ ಕಾಣೋದಿಲ್ಲ. ಒಬ್ಬಿಬ್ಬರು ಹೆಚ್ಚು ಕಡಿಮೆ ಆದರೆ ಲೆಕ್ಕವೇ ಉಲ್ಟಾ. ಸಾವಿರಾರು ಜನ ಬೇಕು, ಬೇಗ ಬೇಕು. ಒಂದೇ ದೇಶದಲ್ಲಿ ಅಷ್ಟು ರೋಗಿಗಳನ್ನು ಟ್ರಯಲ್‌ಗೆ ಸೇರಿಸುವಷ್ಟರಲ್ಲಿ ಅಲೆ ಇಳಿದಿರುತ್ತೆ. ಅದಕ್ಕೇ ಹತ್ತಾರು ದೇಶ ಸೇರೋದು.

ನಿಮ್ಮ ಅಂಗಡಿಯಲ್ಲೇ ಇದ್ದ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ನೆನಪು ಮಾಡಿಕೊಳ್ಳಿ. ಬ್ರಿಟನ್‌ನ ರಿಕವರಿ ಟ್ರಯಲ್ 2020ರ ಜೂನ್‌ನಲ್ಲಿ ಫಲಿತಾಂಶ ಹೇಳಿತು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಮೂರನೇ ಒಂದು ಭಾಗ ಕಡಿಮೆ, ಆಕ್ಸಿಜನ್ ಮೇಲಿದ್ದವರಲ್ಲಿ ಐದನೇ ಒಂದು ಭಾಗ. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ಆಕ್ಸಿಜನ್ ಬೇಡದವರಿಗೆ ಅದರಿಂದ ಲಾಭ ಇಲ್ಲ ಅಂತಲೂ ಅದೇ ಟ್ರಯಲ್ ಹೇಳಿತ್ತು. ಕ್ಯೂ ಇಲ್ಲ, ಬ್ಲ್ಯಾಕ್ ಇಲ್ಲ, ಚಿಲ್ಲರೆ ಕಾಸಿನ ಔಷಧ. ನಮ್ಮ ವಾರ್ಡ್‌ನಲ್ಲಿ ಜೀವ ಉಳಿಸಿದ್ದು ಮುಖ್ಯವಾಗಿ ಆಕ್ಸಿಜನ್ ಮತ್ತು ಅದು. ಬೇರೆ ದೇಶದ ರೋಗಿಗಳು ಟ್ರಯಲ್‌ಗೆ ಒಪ್ಪಿಕೊಂಡಿದ್ದರಿಂದ ನಮಗೆ ಸಿಕ್ಕ ತಿಳಿವಳಿಕೆ ಅದು. ಯಾರಿಗೋಸ್ಕರ ಅಂತ ಕೇಳಿದಿರಲ್ಲ, ಇದಕ್ಕೋಸ್ಕರ.

ಏಳು ಸುತ್ತು (ಚಿತ್ರದುರ್ಗ)

ಮೇಡಂ ಹೇಳಿದ್ದು ಒಪ್ಪಿದೆ. ಆದರೆ ಸಹಕಾರ ಸಹಕಾರ ಅಂತ ಜಾಸ್ತಿ ಹೊಗಳಬೇಡಿ. ತಿಳಿದಿದ್ದನ್ನು ಮೊದಲು ಹೇಳಿದವನೇ ಪೆಟ್ಟು ತಿನ್ನೋದು. 2020ರ ಜನವರಿ 11ರಂದು ಚೀನಾದ ಜಾಂಗ್ ಯೋಂಗ್‌ಜೆನ್ ತಂಡದವರು ಕೋವಿಡ್ ವೈರಸ್‌ನ ಜೀನೋಮ್ (ಪೂರ್ತಿ ಆನುವಂಶಿಕ ನಕ್ಷೆ) ಎಲ್ಲರಿಗೂ ಕಾಣುವ ಹಾಗೆ ಬಿಟ್ಟರು. ಅದನ್ನು ಇಟ್ಟುಕೊಂಡೇ ಜಗತ್ತು ಟೆಸ್ಟ್ ಮಾಡಿತು, ಲಸಿಕೆ ಮಾಡಿತು. ಮರುದಿನ ಅವರ ಲ್ಯಾಬ್‌ಗೆ 'ಸರಿಪಡಿಸಬೇಕು' ಅಂತ ಬೀಗ. 2021ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಕೋವಿಡ್‌ನ ಹೊಸ ತಳಿ ಒಮಿಕ್ರಾನ್ ಬಗ್ಗೆ ತಾನಾಗಿ ಹೇಳಿತು. ಬಹುಮಾನ ಏನು? ವಿಮಾನ ಬಂದ್.

ಇನ್ನು ಲಸಿಕೆ. ಶ್ರೀಮಂತ ದೇಶಗಳು ತಮ್ಮ ಜನರಿಗೆ ಬೇಕಾದ್ದಕ್ಕಿಂತ ಜಾಸ್ತಿ ಬುಕ್ ಮಾಡಿಕೊಂಡವು. ನಾವೂ ಕಡಿಮೆ ಇಲ್ಲ, ಎರಡನೇ ಅಲೆ ಬಂದ ಕೂಡಲೇ ರಫ್ತು ನಿಲ್ಲಿಸಿದೆವು, ನಮ್ಮ ಕೋವಿಶೀಲ್ಡ್ ನಂಬಿಕೊಂಡಿದ್ದ ಆಫ್ರಿಕಾದ ದೇಶಗಳು ಕೈ ಚೆಲ್ಲಿ ಕುಳಿತವು. ಆ ಹೊತ್ತಿಗೆ ನಮ್ಮ ಮನೆಯವರಿಗೇ ಸಿಗುತ್ತಿರಲಿಲ್ಲ ಅನ್ನಿ, ನಾನೂ ಇದ್ದಿದ್ದರೆ ನಿಲ್ಲಿಸುತ್ತಿದ್ದೆನೇನೋ.

ನಿವೃತ್ತ ಮೇಷ್ಟ್ರು

ಇದೆಲ್ಲ ಕೋವಿಡ್‌ನಿಂದ ಶುರುವಾಗಿದ್ದಲ್ಲ. ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗ ಸತ್ತು ಬೀಳುತ್ತಿದ್ದಾಗ ಹಳದಿ ಜ್ವರ ಏಷ್ಯಾಕ್ಕೂ ಬಂತು ಅಂತ ಗಾಬರಿ. ಪುಣೆಯ ವೈರಸ್ ಕೇಂದ್ರದವರು ಬಂದು ಮಾದರಿ ತೆಗೆದುಕೊಂಡು ಹೋದರು. ಆ ಕೇಂದ್ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ 1952ರಲ್ಲಿ ಶುರು ಮಾಡಿದ್ದು. ನೋಡಿದರೆ ಅದು ರಷ್ಯಾ ಕಡೆ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್‌ನ ಬಳಗದ್ದು. ಆ ರಷ್ಯಾ ರೋಗದ ಲಸಿಕೆಯನ್ನೇ ಅಮೆರಿಕದಲ್ಲಿ ತಯಾರಿಸಿ ಇಲ್ಲಿ ಕೊಟ್ಟು ನೋಡಿದರು. ಕೆಲಸ ಮಾಡಲಿಲ್ಲ. ಆಮೇಲೆ ನಮ್ಮದೇ ಲಸಿಕೆ ಮಾಡಬೇಕಾಯಿತು.

ಶೀತಲ ಸಮರದ ಕಾಲದಲ್ಲೇ ಅಮೆರಿಕ, ಸೋವಿಯತ್ ಎರಡೂ ಕೂಡಿ ಸಿಡುಬು ಓಡಿಸಿದವು. ಜಗಳ ಇದ್ದಾಗಲೂ ಕೆಲಸ ನಡೆಯುತ್ತದೆ, ಯಾರಿಗೆ ಏನು ಸಿಗುತ್ತದೆ ಅಂತ ಮೊದಲೇ ಮಾತಾಡಿಕೊಂಡಿರಬೇಕು ಅಷ್ಟೇ.

ಏಳು ಸುತ್ತು (ಚಿತ್ರದುರ್ಗ)

ಅದೇ ಮೇಷ್ಟ್ರೇ, ಆ ಮಾತುಕತೆಯೇ ಆಗಿರೋದಿಲ್ಲ. ಹಕ್ಕಿಜ್ವರದ ಕಾಲದಲ್ಲಿ ಇಂಡೋನೇಷ್ಯಾ ಇದೇ ಕಾರಣಕ್ಕೆ ಮಾದರಿ ಕಳಿಸೋದು ನಿಲ್ಲಿಸಿತ್ತು. ನಮ್ಮ ವೈರಸ್ ತಗೊಂಡು ಲಸಿಕೆ ಮಾಡಿ ನಮಗೇ ಮಾರ್ತೀರಲ್ಲ ಅಂತ. ತಪ್ಪೇನಿತ್ತು?

ವಾರ್ಡ್ ಡ್ಯೂಟಿ

ತಪ್ಪಿರಲಿಲ್ಲ. ಅದರಿಂದಲೇ 2011ರಲ್ಲಿ ಫ್ಲೂಗೆ ಮಾತ್ರ ಒಂದು ಒಪ್ಪಂದ ಆಯಿತು. 2025ರ ಮೇ 20ರಂದು ಎಲ್ಲ ಪಿಡುಗುಗಳಿಗೂ ಅಂತ ಹೊಸ ಒಪ್ಪಂದಕ್ಕೆ ಡಬ್ಲ್ಯೂಎಚ್‌ಒ ಸದಸ್ಯ ದೇಶಗಳು ಒಪ್ಪಿದವು. ಹಿಂದಿನ ದಿನ ಸಮಿತಿಯಲ್ಲಿ ಮತ ಹಾಕಿದಾಗ 124 ಪರ, 11 ತಟಸ್ಥ. ವೈರಸ್ ಮಾದರಿ ಹಂಚಿಕೊಂಡರೆ, ಆ ವ್ಯವಸ್ಥೆಗೆ ಸೇರಿದ ಕಂಪನಿಗಳು ಪಿಡುಗಿನ ಸಮಯದಲ್ಲಿ ತಯಾರಿಸಿದ್ದರಲ್ಲಿ ಶೇ 20ರಷ್ಟನ್ನು ಡಬ್ಲ್ಯೂಎಚ್‌ಒಗೆ ಒದಗಿಸಬೇಕು, ಅದರಲ್ಲಿ ಅರ್ಧ, ಅಂದರೆ ಕನಿಷ್ಠ ಶೇ 10, ಪುಕ್ಕಟೆ. ಆದರೆ ಮಾದರಿ ಹೇಗೆ ಹಂಚೋದು ಅನ್ನುವ ಮುಖ್ಯ ಅನುಬಂಧವನ್ನು ಆಮೇಲೆ ಮಾತಾಡೋಣ ಅಂತ ಬಿಟ್ಟರು. ಅಮೆರಿಕವಂತೂ ಡಬ್ಲ್ಯೂಎಚ್‌ಒ ಬಿಡ್ತೀನಿ ಅಂತ ಆ ವರ್ಷದ ಜನವರಿಯಲ್ಲೇ ಹೇಳಿತ್ತು.

ಕೌಂಟರ್ ಹಿಂದಿನವನು (ದಾವಣಗೆರೆ)

ಎಲ್ಲರಿಗೂ ಥ್ಯಾಂಕ್ಸ್. ಮೇಡಂ, ಇನ್ನೊಂದು ಕೇಳ್ತೀನಿ. ಇಂಥ ಟ್ರಯಲ್‌ಗೆ ನಮ್ಮ ಊರಿನ ಆಸ್ಪತ್ರೆಗಳು ಸೇರೋಕಾಗಲ್ವಾ? ಮೆಡಿಕಲ್ ಕಾಲೇಜು ಇವೆ, ಸುತ್ತ ನಾಲ್ಕು ಜಿಲ್ಲೆಯವರು ಇಲ್ಲಿಗೇ ಬರ್ತಾರೆ.

ವಾರ್ಡ್ ಡ್ಯೂಟಿ

ಖಂಡಿತ ಆಗುತ್ತೆ. ಗುಣವಾದವರ ರಕ್ತದಿಂದ ತೆಗೆದ ಪ್ಲಾಸ್ಮಾ ಕೊಟ್ಟರೆ ಉಪಯೋಗ ಇದೆಯಾ ಅಂತ ಐಸಿಎಂಆರ್ 2020ರಲ್ಲಿ ನೋಡಿದ್ದು ದೇಶದ 39 ಆಸ್ಪತ್ರೆಗಳಲ್ಲಿ, 464 ರೋಗಿಗಳ ಮೇಲೆ. ಉಪಯೋಗ ಇಲ್ಲ ಅಂತ ಗೊತ್ತಾಯಿತು. ಆದರೂ ಮಾರ್ಗಸೂಚಿಯಿಂದ ಪ್ಲಾಸ್ಮಾ ತೆಗೆದದ್ದು 2021ರ ಮೇನಲ್ಲಿ, ಅದು ಬೇರೆ ಸಿಟ್ಟು. ಸಾಲಿಡಾರಿಟಿಯಂಥ ಟ್ರಯಲ್‌ಗೆ ದೊಡ್ಡ ಲ್ಯಾಬ್ ಬೇಕಿಲ್ಲ. ರೋಗಿ ಒಪ್ಪಿಗೆ ಕೊಡಬೇಕು, ವೆಬ್‌ಸೈಟ್‌ನಲ್ಲಿ ಹೆಸರು ದಾಖಲಿಸಿದರೆ ಯಾವ ಔಷಧ ಅಂತ ಕಂಪ್ಯೂಟರ್ ಚೀಟಿ ಎತ್ತುತ್ತೆ, ಕೊನೆಗೆ ಬದುಕಿದರಾ, ವೆಂಟಿಲೇಟರ್ ಬೇಕಾಯಿತಾ, ಎಷ್ಟು ದಿನ ಇದ್ದರು ಅಂತ ಬರೆಯಬೇಕು. ಎಥಿಕ್ಸ್ ಕಮಿಟಿ ಬೇಕು, ಅದು ಕಾಲೇಜುಗಳಲ್ಲಿ ಇರುತ್ತೆ. ಇಲ್ಲದಿರೋದು ಆ ಫಾರ್ಮ್ ತುಂಬೋಕೆ ಅಂತಲೇ ಒಬ್ಬ ನರ್ಸ್. ನೈಟ್ ಡ್ಯೂಟಿಯಲ್ಲಿ ಒಬ್ಬ ಪಿಜಿ ನಲವತ್ತು ಬೆಡ್ ನೋಡುವಾಗ ಒಪ್ಪಿಗೆ ಪತ್ರ ಓದಿ ಹೇಳೋರು ಯಾರು? ಆ ಒಂದು ಸಂಬಳ ಯಾರು ಕೊಡಬೇಕು ಅನ್ನೋದರಲ್ಲೇ ಫೈಲ್ ನಿಂತಿರುತ್ತೆ.