ಸಹಾಯ ಬೇಕು: ನೇರ ಓಟದ ಕಾರಿಗೆ ಪಂಜರ ಮತ್ತು ಟೈರು

ಗುಂಪಿನ ಹಿರಿಯರಿಗೂ ಮೆಕ್ಯಾನಿಕ್ ಮಿತ್ರರಿಗೂ ನಮಸ್ಕಾರ. ಸೋಮವಾರಪೇಟೆ ಸಮೀಪದ ನಮ್ಮ ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ, ಹಳೆಯ ಮಾರುತಿ 800ರ 796 ಸಿಸಿ ಎಂಜಿನ್ ಬಳಸಿ, ಬಯಲಿನಲ್ಲಿ ನೇರವಾಗಿ ಓಡಿ ಗರಿಷ್ಠ ವೇಗ ಮುಟ್ಟುವ ಕಾರೊಂದನ್ನು 4 ಲಕ್ಷ ರೂಪಾಯಿಯೊಳಗೆ ಕಟ್ಟಬೇಕೆಂದಿದ್ದೇನೆ. (ತಿರುವಿಲ್ಲದ ರಸ್ತೆಯೇ ಇಲ್ಲದ ಕೊಡಗಿನಲ್ಲಿ ಇದೆಂಥ ಹುಚ್ಚು ಎಂದು ಮನೆಯವರು ನಗುತ್ತಾರೆ.)

ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಒಂದೂವರೆ ಪಟ್ಟಾಗಲು ಶಕ್ತಿ ಮೂರು ಪಟ್ಟಿಗೂ ಹೆಚ್ಚು ಬೇಕು. ಆದ್ದರಿಂದ ಎಂಜಿನ್ನಿಗೆ ಹಣ ಸುರಿಯುವ ಬದಲು, ಚಾಲಕ ಒರಗಿ ಕೂರುವಂತೆ ಆಸನವಿಟ್ಟು ಕಾರಿನ ಎದುರುಮೈಯನ್ನು ಕಿರಿದಾಗಿಸುವುದೇ ಜಾಣತನವೆಂದು ನನ್ನ ಅಭಿಪ್ರಾಯ. ಜಿಪುಣತನ ಸಲ್ಲದಿರುವುದು ಸುರಕ್ಷತಾ ಪಂಜರದಲ್ಲಿ, ಅಂದರೆ ಕಾರು ಮಗುಚಿದರೂ ಚಾಲಕನನ್ನು ಕಾಯುವ ಕೊಳವೆಗಳ ಚೌಕಟ್ಟಿನಲ್ಲಿ. ಕಳೆದ ಮಳೆಗಾಲದಲ್ಲಿ ನಾನೇ ಬೆಸೆದ ಪಂಜರದ ಮೂಲೆಯನ್ನು ಸುತ್ತಿಗೆಯಿಂದ ತಟ್ಟಿದಾಗ ಬೆಸುಗೆ ಬಿರಿದು, ಒಳಗೆಲ್ಲ ಸೂಜಿಮೊನೆಯಷ್ಟು ರಂಧ್ರಗಳು ಕಂಡವು. ವೆಲ್ಡಿಂಗ್ ರಾಡಿಗೆ ತೇವ ಹಿಡಿದಿತ್ತು.

ಸೀಮ್‌ಲೆಸ್ (ಉದ್ದಕ್ಕೂ ಜೋಡಣೆಯ ಗೆರೆಯಿಲ್ಲದ) ಉಕ್ಕಿನ ಕೊಳವೆಯನ್ನು ಟಿಗ್ ವಿಧಾನದಲ್ಲಿ (ಜಡ ಅನಿಲದ ಹೊದಿಕೆಯಲ್ಲಿ, ಟಂಗ್‌ಸ್ಟನ್ ಮೊನೆಯ ವಿದ್ಯುತ್ ಕಿಡಿಯಿಂದ) ಬೆಸೆಯಬಲ್ಲವರು ಕುಶಾಲನಗರ ಅಥವಾ ಮೈಸೂರು ಕಡೆ ಇದ್ದರೆ ದಯವಿಟ್ಟು ತಿಳಿಸಿ. 12 ಅಂಗುಲದ ಚಕ್ರಕ್ಕೆ ಹೊಂದುವ, ‘ಎಸ್’ ಗುರುತಿನ, ಅಂದರೆ ಗಂಟೆಗೆ 180 ಕಿಲೋಮೀಟರ್ ತಾಳುವ ಹೊಸ ಟೈರುಗಳು ಎಲ್ಲಿ ಸಿಗುತ್ತವೆಂಬುದನ್ನೂ ಬಲ್ಲವರು ಹೇಳಬೇಕಾಗಿ ಕೋರುತ್ತೇನೆ. ಹಳೆಯ ಟೈರು ಬೇಡ.