ಒಂದೇ ಮಳೆಗೆ 5.6 ಮತ್ತು 95: ಯಾವ ಗರಿಷ್ಠ ಹರಿವು ಸರಿ?

ಪ್ರಶ್ನೆ:
12 ಚದರ ಕಿ.ಮೀ. ಜಲಾನಯನ ಪ್ರದೇಶವಿರುವ ಹಳ್ಳವೊಂದರ ಮೋರಿಗಾಗಿ ಗರಿಷ್ಠ ಹರಿವನ್ನು ಅಂದಾಜಿಸುತ್ತಿದ್ದೇನೆ. ಅತಿ ದೂರದ ಅಂಚಿನ ನೀರು ಮೋರಿಗೆ ಬರಲು 2 ಗಂಟೆ ಬೇಕು. ದಿನದ ಮಳೆ 100 ಮಿ.ಮೀ. ಅದನ್ನು 24ರಿಂದ ಭಾಗಿಸಿ, ಹರಿವಿನ ಗುಣಾಂಕ (ಮಳೆಯಲ್ಲಿ ಹರಿದುಹೋಗುವ ಪಾಲು) 0.4 ಎಂದಿಟ್ಟುಕೊಂಡು ರ‍್ಯಾಷನಲ್ ವಿಧಾನದಲ್ಲಿ (ಗುಣಾಂಕ, ಮಳೆಯ ತೀವ್ರತೆ, ವಿಸ್ತೀರ್ಣ ಮೂರನ್ನೂ ಗುಣಿಸಿ) ಲೆಕ್ಕ ಹಾಕಿದರೆ ಸೆಕೆಂಡಿಗೆ 5.6 ಘನ ಮೀಟರ್ ಬರುತ್ತದೆ. ಕರ್ವ್ ನಂಬರ್ (ಮಣ್ಣು ಮತ್ತು ನೆಲ ನೋಡಿ, ಮಳೆಯಲ್ಲಿ ಎಷ್ಟು ಹರಿಯುತ್ತದೆಂದು ಹೇಳುವ ಅಂಕ) 80ರಂತೆ ಸಿಗುವ 50.5 ಮಿ.ಮೀ. ಹರಿವನ್ನು, ಕಾಲು ಗಂಟೆಯ ಮಳೆಗೆ ಮಾಡಿದ ತ್ರಿಕೋನಾಕಾರದ ಯೂನಿಟ್ ಹೈಡ್ರೋಗ್ರಾಫಿಗೆ (ಒಂದು ಘಟಕ ಹರಿವಿಗೆ ಹಳ್ಳದ ನೀರು ಹೊತ್ತಿನೊಂದಿಗೆ ಹೇಗೆ ಏರಿ ಇಳಿಯುತ್ತದೆಂಬ ರೇಖೆ) ಹಾಕಿದರೆ ಸುಮಾರು 95 ಬರುತ್ತದೆ. ಯಾವುದನ್ನು ನಂಬಬೇಕು?

ಉತ್ತರ 1:
ಎರಡನ್ನೂ ನಂಬಬೇಡಿ. 1851ರಲ್ಲಿ ಎಂಜಿನಿಯರ್ ಮಲ್ವೇನಿ ಮುಂದಿಟ್ಟ ರ‍್ಯಾಷನಲ್ ವಿಧಾನದ ಜೀವಾಳವೇ ನೀರು ಕೂಡಿಬರುವ ಅವಧಿ. ಇಡೀ ಪ್ರದೇಶದ ನೀರು ಒಟ್ಟಿಗೆ ಮೋರಿಯನ್ನು ತಲುಪುವಷ್ಟು ಹೊತ್ತು ಸುರಿಯುವ ಮಳೆಯ ತೀವ್ರತೆಯನ್ನೇ ಸೂತ್ರದಲ್ಲಿ ಇಡಬೇಕು. ನಿಮಗೆ ಬೇಕಾದದ್ದು 2 ಗಂಟೆಯ ತೀವ್ರತೆ, ಆದರೆ ನೀವು ಇಟ್ಟದ್ದು ದಿನದ ಸರಾಸರಿ. ಆ 2 ಗಂಟೆಯಲ್ಲಿ ಗಂಟೆಗೆ 30 ಮಿ.ಮೀ.ನಂತೆ ಸುರಿದಿದ್ದರೆ ಅದೇ ಸೂತ್ರ 40 ಘನ ಮೀಟರ್ ಕೊಡುತ್ತದೆ. ಅಂದಹಾಗೆ, ಇಡೀ ಪ್ರದೇಶದ ಮೇಲೆ ಒಂದೇ ಸಮನೆ ಮಳೆ ಬೀಳುತ್ತದೆಂಬ ಊಹೆಗೆ 12 ಚದರ ಕಿ.ಮೀ. ತುಸು ಹೆಚ್ಚೇ ಆಯಿತು.

ಉತ್ತರ 2:
ಎರಡನೆಯ ಲೆಕ್ಕದ ತಪ್ಪು ಇದಕ್ಕೆ ತದ್ವಿರುದ್ಧ. ದಿನವಿಡೀ ಹರಿದ ನೀರನ್ನು ನೀವು ಒಂದೇ ಸಲ, ಕಾಲು ಗಂಟೆಯ ಮಳೆಯಿಂದ ಬಂದದ್ದೆಂಬಂತೆ, ಸುರಿದಿದ್ದೀರಿ. ಮಳೆಯನ್ನು ಸಣ್ಣ ಅವಧಿಗಳಾಗಿ ಒಡೆದು, ಆವರೆಗಿನ ಒಟ್ಟು ಮಳೆಗೆ ಕರ್ವ್ ನಂಬರ್ ಸೂತ್ರವನ್ನು ಅನ್ವಯಿಸಿ, ಹಿಂದಿನ ಅವಧಿಯವರೆಗಿನ ಹರಿವಿನ ಮೊತ್ತವನ್ನು ಕಳೆಯಿರಿ. ಮೊದಲ 12.7 ಮಿ.ಮೀ. ಮಳೆಗೆ ಹರಿವೇ ಇಲ್ಲ. ಮೊದಲ 50 ಮಿ.ಮೀ.ಗೆ ಸಿಗುವುದು 13.8, ನಂತರದ 50ಕ್ಕೆ 36.7. ಆದ್ದರಿಂದ ಜೋರು ಮಳೆ ದಿನದ ಆರಂಭದಲ್ಲಿ ಬಂದಿತೋ ಕೊನೆಯಲ್ಲಿ ಬಂದಿತೋ ಎಂಬುದರ ಮೇಲೆ ಗರಿಷ್ಠ ಹರಿವು ಬದಲಾಗುತ್ತದೆ. ಪ್ರತಿ ತುಣುಕಿನ ಹರಿವಿನಿಂದ ಯೂನಿಟ್ ಹೈಡ್ರೋಗ್ರಾಫನ್ನು ಗುಣಿಸಿ, ಅದರದರ ಸಮಯಕ್ಕೆ ಸರಿಸಿ ಕೂಡಿಸಿರಿ. ಯೂನಿಟ್ ಹೈಡ್ರೋಗ್ರಾಫನ್ನು ರೂಪಿಸಿದ ಶರ್ಮನ್ 1932ರಲ್ಲಿ ಹೇಳಿದ್ದೂ ಇದನ್ನೇ. ಕೊನೆಗೆ ವಕ್ರರೇಖೆಯ ಕೆಳಗಿನ ಒಟ್ಟು ನೀರು 6,06,000 ಘನ ಮೀಟರ್ (50.5 ಮಿ.ಮೀ. × 12 ಚದರ ಕಿ.ಮೀ.) ಆಗದಿದ್ದರೆ ಕೂಡಿಕೆಯಲ್ಲಿ ಎಲ್ಲೋ ಎಡವಿದ್ದೀರಿ ಎಂದೇ ಅರ್ಥ.

ಪ್ರಶ್ನಿಸಿದವರು:
ತಪ್ಪು ತಿಳಿಯಿತು, ಧನ್ಯವಾದಗಳು. ಆದರೆ ಕರ್ವ್ ನಂಬರ್ 80 ಎಂಬುದು ಕೋಷ್ಟಕ ನೋಡಿ ಆರಿಸಿದ್ದು. ಅದು 70 ಆದರೆ?

ಉತ್ತರ 2:
50.5 ಇದ್ದದ್ದು 32.7 ಮಿ.ಮೀ.ಗೆ ಇಳಿಯುತ್ತದೆ. ಹೀಗಿರುವಾಗ ದಶಾಂಶಗಳಿಗಾಗಿ ತಲೆ ಕೆಡಿಸಿಕೊಳ್ಳುವುದಕ್ಕಿಂತ, ಮಣ್ಣಿನ ಗುಂಪನ್ನೂ ಮಳೆಗೆ ಮುಂಚಿನ ತೇವವನ್ನೂ ಸ್ಥಳದಲ್ಲೇ ನೋಡಿ ನಿರ್ಧರಿಸುವುದು ಮೇಲು.

ಉತ್ತರ 3:
ದಡದ ಮರಗಳಲ್ಲಿ ಹಿಂದಿನ ನೆರೆಯ ಕಸ ಸಿಕ್ಕಿಕೊಂಡಿದ್ದರೆ ಆ ಎತ್ತರವನ್ನು ಅಳೆಯಿರಿ. ಹಳ್ಳದ ಅಡ್ಡಕೊಯ್ತ ಮತ್ತು ಇಳಿಜಾರು ಗೊತ್ತಾದರೆ ಮ್ಯಾನಿಂಗ್ ಸೂತ್ರದಿಂದ (ಹಳ್ಳದ ಆಕಾರ, ಇಳಿಜಾರು, ಒರಟುತನ ನೋಡಿ ನೀರಿನ ವೇಗ ಹೇಳುವ ಸೂತ್ರ) ಆ ನೆರೆಯ ಹರಿವು ಸಿಗುತ್ತದೆ. ಒರಟುತನದ ಗುಣಾಂಕವನ್ನು 0.035ರ ಬದಲು 0.05 ಎಂದರೆ ಉತ್ತರ ಶೇ. 30ರಷ್ಟು ಕುಗ್ಗುತ್ತದೆ, ನಿಜ, ಆದರೂ 5.6 ಮತ್ತು 95ರ ನಡುವೆ ನಿಮ್ಮ ಹಳ್ಳ ಎಲ್ಲಿದೆ ಎಂದು ತಿಳಿಯಲು ಅಷ್ಟು ಸಾಕು.