ಅಪ್‌ಡೇಟ್: ಬಾಡಿದ ರೋಬಸ್ಟಾ ಕಾಫಿ ಎಲೆಯ ಜೀನ್ ಅಭಿವ್ಯಕ್ತಿ

ಕಾಫಿ ಹೂ ಅರಳಿಸುವ ಹೂಮಳೆ ತಡವಾದಾಗ ಸಿದ್ದಾಪುರದ ನಮ್ಮ ತೋಟದ ರೋಬಸ್ಟಾ ಎಲೆಗಳಲ್ಲಿ, ಅಬ್ಸಿಸಿಕ್ ಆಮ್ಲಕ್ಕೆ (ನೀರು ಸಾಲದಾದಾಗ ಗಿಡದಲ್ಲಿ ಹೆಚ್ಚುವ ಹಾರ್ಮೋನು) ಸ್ಪಂದಿಸುವ ಜೀನ್‌ಗಳ ಅಭಿವ್ಯಕ್ತಿ, ಅಂದರೆ ಅವು ಎಷ್ಟು ಸಕ್ರಿಯವಾಗಿವೆ ಎಂಬ ಅಳತೆ, ಪ್ರತಿ ಸಲವೂ ಬೇರೆಯಾಗಿ ಕಾಣುವುದೇಕೆ ಎಂದು ಹಿಂದೆ ಕೇಳಿದ್ದೆ. ನಿಮ್ಮ ಸಲಹೆಯಂತೆ ಮರುಪರೀಕ್ಷಿಸಿದಾಗ ಕಾರಣ ಸಿಕ್ಕಿತು. ಹೋಲಿಕೆಗೆ ಸ್ಥಿರವೆಂದು ನಂಬಿದ್ದ ಆಧಾರ ಜೀನ್ ನೀರಿಲ್ಲದ ಗಿಡಗಳಲ್ಲಿ ತಾನೇ ಇಳಿಯುತ್ತಿತ್ತು. ಆಧಾರವೇ ಇಳಿದರೆ ಉಳಿದ ಜೀನ್‌ಗಳೆಲ್ಲ ಏರಿದಂತೆ ತೋರುತ್ತವೆ. ಅಲ್ಲದೆ ನೀರುಂಡ ಗಿಡದ ಎಲೆಯನ್ನು ಬೆಳಿಗ್ಗೆಯೂ ಬಾಡಿದ್ದನ್ನು ಮಧ್ಯಾಹ್ನವೂ ಕೊಯ್ದಿದ್ದರಿಂದ, ಹೊತ್ತಿಗೆ ತಕ್ಕಂತೆ ಏರಿಳಿಯುವ ಜೀನ್‌ಗಳಲ್ಲಿ ಬರದ ಪರಿಣಾಮವನ್ನು ಪ್ರತ್ಯೇಕಿಸಲಾಗಿರಲಿಲ್ಲ. ಈಗ ಒಂದೇ ಹೊತ್ತಿಗೆ ಕೊಯ್ದು, ಗಿಡದ ಬುಡದಲ್ಲೇ ಎಲೆಯನ್ನು ತಕ್ಷಣ ಹೆಪ್ಪುಗಟ್ಟಿಸುವ ದ್ರವ ಸಾರಜನಕಕ್ಕೆ ಹಾಕುತ್ತೇನೆ. ಎಲೆ ಅರೆದೊಡನೆ ಪಾಲಿಫಿನಾಲ್‌ಗಳಿಂದ ಕಂದಾಗುತ್ತಿದ್ದ ದ್ರಾವಣ, ಅವನ್ನು ಹಿಡಿದಿಡುವ ಪಿವಿಪಿ (ಪಾಲಿವಿನೈಲ್‌ಪಿರೊಲಿಡೋನ್) ಬೆರೆಸಿದ ಮೇಲೆ ತಿಳಿಯಾಗಿಯೇ ಉಳಿಯಿತು; ಅದನ್ನು ಕಂಡಾಗ ಆದ ಸಂತೋಷ ಅಷ್ಟಿಷ್ಟಲ್ಲ. ಎರಡು ಆಧಾರ ಜೀನ್‌ಗಳ ಸ್ಥಿರತೆಯನ್ನು ಪರೀಕ್ಷಿಸಿಕೊಂಡು ಲೆಕ್ಕ ಹಾಕಿದಾಗ ಮೂರು ಗಿಡಗಳ ಫಲಿತಾಂಶಗಳೂ ಹೊಂದಿಕೊಂಡಿವೆ. ದಾರಿ ತೋರಿಸಿದ ಎಲ್ಲರಿಗೂ ಮನಃಪೂರ್ವಕ ವಂದನೆಗಳು.